ಕನ್ನಡ ನಾಡಿನಲ್ಲಿ ಚಿತ್ರಸಮಾಜಗಳು ನಡೆದುಬಂದ ದಾರಿ

ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಗೊತ್ತುಮಾಡಿದ ಹೊತ್ತಿಗೆ ಗೊತ್ತುಮಾಡಿದ ಜಾಗದಲ್ಲಿ ಸೇರಿ, ಊರಿನ ಚಿತ್ರಮಂದಿರಗಳಿಗೆ ಸಾಮಾನ್ಯವಾಗಿ ಬಾರದ ಚಲನಚಿತ್ರವೊಂದನ್ನು ಒಟ್ಟಿಗೆ ನೋಡಿ, ಅದರ ಬಗ್ಗೆ ಮಾತನಾಡಿ ಮನೆಗೆ ಮರಳುವ ಸದಸ್ಯರ ಸಂಘಕ್ಕೆ ಕನ್ನಡದಲ್ಲಿ ‘ಚಿತ್ರಸಮಾಜ’ ಎಂಬ ಹೆಸರು ನಿಂತಿದೆ. ಆಡುಮಾತಿನಲ್ಲಿ ಅದು ಫಿಲ್ಮ್ ಸೊಸೈಟಿಯೆಂದೇ ಹೆಚ್ಚು ಪರಿಚಿತ. ಕನ್ನಡ ಚಿತ್ರರಂಗದ ಚರಿತ್ರೆಯನ್ನು ಬರೆದವರು ನಿರ್ಮಾಪಕ, ನಿರ್ದೇಶಕ, ನಟನಟಿಯರ ಬಗ್ಗೆ ವಹಿಸಿದ ಆಸಕ್ತಿಯನ್ನು ಕತ್ತಲೆಯಲ್ಲಿ ಕುಳಿತು ನೋಡುವವರ ಬಗ್ಗೆ ವಹಿಸಿದ್ದು ಕಡಿಮೆ. ಆದರೆ ಸಂಗೀತಕ್ಕೆ ಕೇಳ್ಮೆಯಿಂದ ಕಿವಿ ತಯಾರಾಗುವಂತೆ ಚಲನಚಿತ್ರಕ್ಕೆ ಕಣ್ಣು ತಯಾರಾಗಬೇಕು, ಆ ತಯಾರಿ ಒಂಟಿಯಾಗಿ ನಡೆಯುವುದಕ್ಕಿಂತ ನಾಲ್ವರ ನಡುವೆ ಚೆನ್ನಾಗಿ ನಡೆಯುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ಈ ಸಂಘಗಳು ಸುಮಾರು ಅರ್ಧ ಶತಮಾನದ ಕಾಲ ಕನ್ನಡಿಗರ ನೋಟವನ್ನು ತಿದ್ದಿವೆ.

ಚಿತ್ರಸಮಾಜ ಬರುವುದಕ್ಕೆ ಮುಂಚೆ ಇಲ್ಲಿನ ಜನ ಸಿನಿಮಾ ನೋಡುತ್ತಿದ್ದ ಬಗೆಯನ್ನು ನೆನೆಯದೆ ಅದರ ಹೊಸತನ ತಿಳಿಯುವುದಿಲ್ಲ. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡ ಮೇಲೂ ಹಲವು ದಶಕಗಳ ಕಾಲ ಸಣ್ಣ ಊರುಗಳಿಗೆ ಸಿನಿಮಾ ಎಂದರೆ ಟೂರಿಂಗ್ ಟಾಕೀಸ್, ಅಂದರೆ ಡೇರೆ ಹೂಡಿ, ಪ್ರೊಜೆಕ್ಟರ್ ಹಾಗೂ ಜನರೇಟರ್‌ಗಳೊಡನೆ ಊರಿಂದೂರಿಗೆ ಸಾಗುವ ಟೆಂಟ್ ಸಿನಿಮಾ. ನೆಲ, ಬೆಂಚು, ಕುರ್ಚಿ ಎಂದು ಅಲ್ಲಿ ದರ್ಜೆಗಳಿದ್ದವು. ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಬಂದರೆ ಟಿಕೆಟ್ ಕೊಡುವ ಹೊತ್ತಾಯಿತೆಂದು ಊರಿಗೆಲ್ಲ ತಿಳಿಯುತ್ತಿತ್ತು. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಸಂತೆಗೆಂದು ಪೇಟೆಗೆ ಬಂದವರು ಸಂಜೆಯ ಆಟ ನೋಡಿಕೊಂಡು ಗಾಡಿ ಹೂಡುತ್ತಿದ್ದುದರಿಂದ ಸಿನಿಮಾ ನೋಡುವುದು ವಾರದ ಲಯಕ್ಕೆ ಆಗಲೇ ಹೊಂದಿಕೊಂಡಿತ್ತು. ಹಾಗಾಗಿ ಒಟ್ಟಿಗೆ ಕುಳಿತು ನೋಡುವುದನ್ನಾಗಲಿ ವಾರಕ್ಕೊಮ್ಮೆ ನೋಡುವುದನ್ನಾಗಲಿ ಚಿತ್ರಸಮಾಜ ಹೊಸದಾಗಿ ತಂದಿತೆನ್ನುವಂತಿಲ್ಲ; ಯಾವ ಚಿತ್ರವನ್ನು ನೋಡಬೇಕೆಂಬ ಆಯ್ಕೆಯನ್ನು ಹಂಚಿಕೆದಾರನ ಕೈಯಿಂದ ಬಿಡಿಸಿ ನೋಡುವವರ ಕೈಗೆ ಕೊಟ್ಟದ್ದು, ಚಿತ್ರ ಮುಗಿದ ಮೇಲಿನ ಮಾತನ್ನೂ ನೋಡುವುದರ ಭಾಗವೆಂದು ಎಣಿಸಿದ್ದು ಅದರ ಹೆಚ್ಚುಗಾರಿಕೆ.

ಈ ಕಲ್ಪನೆಯ ತವರು ಯುರೋಪ್. ಮೊದಲ ಮಹಾಯುದ್ಧದ ಬೆನ್ನಿಗೆ, 1920ರ ಸುಮಾರಿಗೆ, ಪ್ಯಾರಿಸ್‌ನಲ್ಲಿ ಲೂಯಿ ದೆಲ್ಯೂಕ್, ರಿಚೊತ್ತೊ ಕನೂಡೊ ಮೊದಲಾದ ವಿಮರ್ಶಕರು ಸಿನಿಮಾವನ್ನು ಸಾಹಿತ್ಯ ಸಂಗೀತಗಳ ಸಾಲಿನ ಕಲೆಯೆಂದು ವಾದಿಸುತ್ತ ‘ಸಿನೆ ಕ್ಲಬ್’ಗಳನ್ನು ಕಟ್ಟಿದರು. 1925ರಲ್ಲಿ ಲಂಡನ್ನಿನ ಫಿಲ್ಮ್ ಸೊಸೈಟಿ ಆರಂಭವಾಗಿ, ಭಾನುವಾರ ಮಧ್ಯಾಹ್ನಗಳಲ್ಲಿ ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದು ಸದಸ್ಯರಿಗೆ ಮಾತ್ರ ಚಿತ್ರ ತೋರಿಸುವ ಪದ್ಧತಿಯನ್ನು ಹಾಕಿಕೊಟ್ಟಿತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಸಿಗದಿದ್ದ ಸೆರ್ಗೈ ಐಸೆನ್‌ಸ್ಟೈನನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ 1929ರಲ್ಲಿ ಈ ಸಂಘದ ಸದಸ್ಯರ ಮುಂದೆ ಪ್ರದರ್ಶನ ಕಂಡಿತು. ‘ಸದಸ್ಯರಿಗೆ ಮಾತ್ರ’ ಎಂಬ ಈ ಎರಡು ಪದಗಳಲ್ಲಿ ಮುಂದಿನ ಚಿತ್ರಸಮಾಜಗಳ ಕಾನೂನಿನ ನೆಲೆಯೆಲ್ಲ ಅಡಗಿದೆ.

ಭಾರತದಲ್ಲಿ ಮುಂಬಯಿಯಲ್ಲಿ ಕೆಲವು ಮೊದಲ ಪ್ರಯತ್ನಗಳು ನಡೆದವಾದರೂ ಚಳವಳಿಯ ಸ್ವರೂಪ ಬಂದದ್ದು 1947ರ ಅಕ್ಟೋಬರ್ 5ರಂದು ಸ್ಥಾಪನೆಯಾದ ಕಲ್ಕತ್ತಾ ಫಿಲ್ಮ್ ಸೊಸೈಟಿಯಿಂದ. ಆಗ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿ ದುಡಿಯುತ್ತಿದ್ದ ಸತ್ಯಜಿತ್ ರಾಯ್, ವಿಮರ್ಶಕ ಚಿದಾನಂದ ದಾಸ್‌ಗುಪ್ತ, ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಮೊದಲಾದವರು ಕಟ್ಟಿದ ಆ ಚಿಕ್ಕ ಗುಂಪು ಮೊದಲು ನೋಡಿದ್ದು ಅದೇ ಪೊಟೆಮ್ಕಿನ್ ಚಿತ್ರವನ್ನು. 1952ರಲ್ಲಿ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಮುಂಬಯಿಯಲ್ಲಿ ಆರಂಭವಾಗಿ ಬೇರೆ ನಗರಗಳಿಗೂ ಸಂಚರಿಸಿ, ‘ಬೈಸಿಕಲ್ ಥೀವ್ಸ್’, ‘ರಾಶೊಮನ್’ ಚಿತ್ರಗಳನ್ನು ಭಾರತೀಯರ ಕಣ್ಣೆದುರಿಗಿಟ್ಟಿತು. 1955ರಲ್ಲಿ ರಾಯ್ ಅವರ ‘ಪಥೇರ್ ಪಾಂಚಾಲಿ’ ಬಂದಾಗ, ನೋಡುವುದರಿಂದ ಮಾಡುವುದಕ್ಕೆ ದಾರಿಯಿದೆಯೆಂಬುದು ಎಲ್ಲರಿಗೂ ಮನವರಿಕೆಯಾಯಿತು. 1959ರ ಡಿಸೆಂಬರ್‌ನಲ್ಲಿ ಕಲ್ಕತ್ತಾ, ದೆಹಲಿ, ಮುಂಬಯಿ, ಮದರಾಸು, ಪಾಟ್ನಾ, ರೂರ್ಕಿ ಮುಂತಾದ ಕಡೆಯ ಸಂಘಗಳು ಸೇರಿ ಭಾರತೀಯ ಚಿತ್ರಸಮಾಜಗಳ ಒಕ್ಕೂಟವನ್ನು ರಚಿಸಿಕೊಂಡವು. ರಾಯ್ ಅದರ ಅಧ್ಯಕ್ಷರಾದರು.

ಒಕ್ಕೂಟದ ಅಗತ್ಯ ಎಲ್ಲಿಂದ ಬಂತೆಂಬುದನ್ನು ತುಸು ಬಿಡಿಸಿ ಹೇಳಬೇಕು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಯಾವುದೇ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಆದರೆ ಒಂದೆರಡು ಪ್ರದರ್ಶನಕ್ಕಾಗಿ ವಿದೇಶದಿಂದಲೋ ರಾಯಭಾರ ಕಚೇರಿಯಿಂದಲೋ ಎರವಲು ಬರುವ ಪ್ರತಿಯನ್ನು ಸೆನ್ಸಾರ್ ಮಂಡಳಿಯ ಮುಂದಿಡುವುದು ಹಣದಿಂದಲೂ ಸಮಯದಿಂದಲೂ ಆಗದ ಮಾತು. ಅದೇ ಕಾಯಿದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿರುವ ವಿನಾಯಿತಿಯ ಅಧಿಕಾರವನ್ನು ಬಳಸಿಕೊಂಡು, ನೋಂದಾಯಿತ ಚಿತ್ರಸಮಾಜಗಳು ತಮ್ಮ ಸದಸ್ಯರಿಗೆ ಮಾತ್ರ ಇಂಥ ಚಿತ್ರಗಳನ್ನು ತೋರಿಸಲು ಒಕ್ಕೂಟವು ಅನುಮತಿ ಪಡೆಯಿತು. ಬಾಗಿಲಲ್ಲಿ ಟಿಕೆಟ್ ಮಾರುವಂತಿಲ್ಲ, ವರ್ಷದ ಚಂದಾ ಕಟ್ಟಿ ಗುರುತಿನ ಚೀಟಿ ಪಡೆದವರಷ್ಟೇ ಒಳಗೆ ಬರಬೇಕು ಎಂಬ ಕಟ್ಟಳೆಗಳ ಹಿನ್ನೆಲೆ ಇದು. ಕಾನೂನಿನ ಒತ್ತಾಯದಿಂದ ಬಂದ ಈ ಚಂದಾ ಪದ್ಧತಿಯಿಂದಲೇ ಚಿತ್ರಸಮಾಜಕ್ಕೆ ಅದರ ಒಳಗುಣ ಬಂದಿತೆನ್ನಬಹುದು: ವರ್ಷಕ್ಕೆಂದು ಹಣ ಕಟ್ಟಿದವನು ಬಿಡಿಬಿಡಿಯಾಗಿ ಚಿತ್ರಗಳನ್ನು ಆರಿಸಿಕೊಳ್ಳದೆ ಬಂದದ್ದನ್ನೆಲ್ಲ ನೋಡುತ್ತಾನೆ, ಹೆಸರು ಕೇಳದ ಪೋಲೆಂಡಿನ ಚಿತ್ರಕ್ಕೂ ಹಂಗೇರಿಯ ಚಿತ್ರಕ್ಕೂ ಕುಳಿತುಕೊಳ್ಳುತ್ತಾನೆ, ಪಕ್ಕದ ಕುರ್ಚಿಯಲ್ಲಿ ವಾರವಾರವೂ ಅದೇ ಮುಖವನ್ನು ಕಂಡು ಮಾತಿಗೆ ತೊಡಗುತ್ತಾನೆ. ಸೆನ್ಸಾರ್ ಕತ್ತರಿ ಮುಟ್ಟದ ದೃಶ್ಯಗಳ ಆಸೆಗೆ ಸದಸ್ಯರಾದವರೂ ಎಲ್ಲ ಊರುಗಳಲ್ಲಿ ಇದ್ದರು. ಅಂಥವರ ಚಂದಾ ಹಣವೂ ಒಳ್ಳೆಯ ಚಿತ್ರಗಳ ಸಾಗಣೆಯ ಖರ್ಚಿಗೆ ಒದಗಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಕಾನೂನಿನಷ್ಟೇ ಮುಖ್ಯವಾದುದು ಫಿಲ್ಮಿನ ಅಗಲ. ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದ 35 ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ ಓಡಿದರೆ ನಿಮಿಷಕ್ಕೆ 90 ಅಡಿ ಬೇಕು. ಎರಡು ಗಂಟೆಯ ಚಿತ್ರಕ್ಕೆ ಹತ್ತು ಸಾವಿರ ಅಡಿಗೂ ಮೀರಿದ ಫಿಲ್ಮು, ಅದನ್ನು ತುಂಬಿದ ಭಾರವಾದ ಡಬ್ಬಗಳು, ದೊಡ್ಡ ಪ್ರೊಜೆಕ್ಟರು, ಅದಕ್ಕೊಂದು ಕೋಣೆ. 1923ರಲ್ಲಿ ಕೊಡ್ಯಾಕ್ ಸಂಸ್ಥೆ ಹೊರತಂದ 16 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 36 ಅಡಿಯಲ್ಲಿ ಮುಗಿಯುತ್ತದೆ, ಬೇಗ ಬೆಂಕಿ ಹಿಡಿಯದ ವಸ್ತುವಿನಿಂದ ಮಾಡಿದ್ದು, ಅದರ ಪ್ರೊಜೆಕ್ಟರನ್ನು ಒಬ್ಬನೇ ಎತ್ತಿ ತಂದು ಮೇಜಿನ ಮೇಲಿಡಬಹುದು. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪಿ.ಕೆ. ನಾಯರ್ ಅವರ ಮುತುವರ್ಜಿಯಲ್ಲಿ ಜಗತ್ತಿನ ಮುಖ್ಯ ಚಿತ್ರಗಳ ಪ್ರತಿಗಳನ್ನು ಕೂಡಿಹಾಕಿ, 16 ಮಿಲಿಮೀಟರ್ ಪ್ರತಿಗಳನ್ನು ಚಿತ್ರಸಮಾಜಗಳಿಗೆ ಎರವಲು ಕೊಡಲಾರಂಭಿಸಿತು. ಮಾಕ್ಸ್ ಮ್ಯುಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್, ಸೋವಿಯತ್ ಸಾಂಸ್ಕೃತಿಕ ಕೇಂದ್ರಗಳೂ ತಮ್ಮ ತಮ್ಮ ದೇಶದ ಚಿತ್ರಗಳನ್ನು ಒದಗಿಸಿದವು. ರೈಲ್ವೆ ಪಾರ್ಸೆಲ್ಲಿನಲ್ಲಿ ಬಂದ ತಗಡಿನ ಡಬ್ಬವನ್ನು ಬಿಡಿಸಿಕೊಂಡು ಬರುವುದು, ಫಿಲ್ಮಿನ ಅಂಚಿನ ರಂಧ್ರ ಹರಿದಿದ್ದರೆ ಅಂಟಿಸುವುದು, ಪ್ರದರ್ಶನವಾದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಿ ಮುಂದಿನ ಊರಿಗೆ ಹೊತ್ತಿಗೆ ಸರಿಯಾಗಿ ರವಾನಿಸುವುದು, ಚಿತ್ರದ ಪರಿಚಯವನ್ನು ಸೈಕ್ಲೋಸ್ಟೈಲ್ ಮಾಡಿ ಹಂಚುವುದು, ಹೀಗೆ ವಾರದ ಎರಡು ಗಂಟೆಯ ಪ್ರದರ್ಶನದ ಹಿಂದೆ ಸಂಬಳವಿಲ್ಲದ ಕೆಲವರ ಹಲವು ಸಂಜೆಗಳು ಸವೆಯುತ್ತಿದ್ದವು. ಬ್ಯಾಂಕು, ಕಾಲೇಜು, ಕಾರ್ಖಾನೆಗಳ ದುಡಿಮೆ ಮುಗಿಸಿ ಈ ಚಾಕರಿಗೆ ನಿಂತವರ ಹೆಸರುಗಳು ಯಾವ ಚಿತ್ರದ ಶೀರ್ಷಿಕೆಯಲ್ಲೂ ಬರುವುದಿಲ್ಲ. ಚಳವಳಿ ನಿಂತದ್ದು ಮಾತ್ರ ಅವರ ಹೆಗಲ ಮೇಲೆ.

ಕರ್ನಾಟಕದಲ್ಲಿ ಈ ಚಳವಳಿಗೆ ಬಲ ಬಂದದ್ದು 1970ರ ದಶಕದಲ್ಲಿ, ಅದಕ್ಕೆ ಇಲ್ಲಿನ ಸಾಹಿತ್ಯದ ವಾತಾವರಣವೇ ಕಾರಣ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ ಮದರಾಸಿನ ಸೆನ್ಸಾರ್ ಮಂಡಳಿಯ ನಿಷೇಧವನ್ನು ದಾಟಿ ಬಂದು 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಅದರ ಹಿಂದೆಯೇ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಕೂಡಿ ಮಾಡಿದ ‘ವಂಶವೃಕ್ಷ’, ಕಾರ್ನಾಡರ ‘ಕಾಡು’, ಕಾರಂತರ ‘ಚೋಮನ ದುಡಿ’ ಬಂದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ಮಾಡಿದರು. ಈ ಚಿತ್ರಗಳಿಗೆ ಬೇಕಾದ ಪ್ರೇಕ್ಷಕರು, ಅಂದರೆ ನಿಧಾನವನ್ನು ಸಹಿಸಬಲ್ಲ, ಮೌನವನ್ನು ಓದಬಲ್ಲ, ಹಾಡು ಹೊಡೆದಾಟಗಳಿಲ್ಲದೆಯೂ ಕೂರಬಲ್ಲ ಜನ, ತಾವಾಗಿ ಹುಟ್ಟುವವರಲ್ಲ. ನವ್ಯ ಸಾಹಿತ್ಯ ಮತ್ತು ಹವ್ಯಾಸಿ ರಂಗಭೂಮಿಗಳು ಆ ಪ್ರೇಕ್ಷಕವರ್ಗವನ್ನು ಅರ್ಧ ತಯಾರು ಮಾಡಿದ್ದವು. ಉಳಿದರ್ಧವನ್ನು ಚಿತ್ರಸಮಾಜಗಳು ಮಾಡಿದವು.

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸುಚಿತ್ರ’ ಇವುಗಳಲ್ಲಿ ಹೆಚ್ಚು ಬಾಳಿಕೆ ಬಂದುದು. ಚಿತ್ರಸಮಾಜಗಳಿಗೆ ಸ್ವಂತ ಸೂರಿಲ್ಲದ ಆ ದಿನಗಳಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಬಾಡಿಗೆಗೆ ಸಿಗುವ ಚಿತ್ರಮಂದಿರ, ಕಾಲೇಜಿನ ಸಭಾಂಗಣ, ಸಂಘಸಂಸ್ಥೆಗಳ ಕೋಣೆಗಳೇ ಗತಿಯಾಗಿದ್ದವು. ಸಭಾಂಗಣ ತಪ್ಪಿದರೆ ಪ್ರದರ್ಶನ ತಪ್ಪುತ್ತಿತ್ತು, ಪ್ರದರ್ಶನ ಎರಡು ಸಲ ತಪ್ಪಿದರೆ ಸದಸ್ಯರು ಕರಗುತ್ತಿದ್ದರು. ಬಹುತೇಕ ಸಂಘಗಳು ಸೋತದ್ದು ಈ ಜಾಗದ ತೊಡಕಿನಲ್ಲೇ. ಸುಚಿತ್ರ ಬನಶಂಕರಿ ಎರಡನೇ ಹಂತದಲ್ಲಿ ನಿವೇಶನ ಪಡೆದು, ಸತ್ಯಜಿತ್ ರಾಯ್ ಅವರಿಂದಲೇ ಅಡಿಗಲ್ಲು ಹಾಕಿಸಿ ಸ್ವಂತ ಕಟ್ಟಡ ಕಟ್ಟಿಕೊಂಡಿತು. ಚಂದಾ ಹಣದಲ್ಲಿ ನಡೆಯುವ ಚಿತ್ರಸಮಾಜವೊಂದು ತನ್ನದೇ ಪ್ರದರ್ಶನ ಮಂದಿರವನ್ನು ಹೊಂದುವುದು ದೇಶದಲ್ಲೇ ಅಪರೂಪ. ಆ ಸಂಸ್ಥೆಗಾಗಿ ದೀರ್ಘಕಾಲ ದುಡಿದ ಎಚ್.ಎನ್. ನರಹರಿ ರಾವ್ ಅವರು ಭಾರತದ ಚಿತ್ರಸಮಾಜ ಚಳವಳಿಯ ಬಗ್ಗೆ ಗ್ರಂಥವನ್ನೂ ಸಂಪಾದಿಸಿದ್ದಾರೆ. 2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಬೇರುಗಳೂ ಸುಚಿತ್ರದಲ್ಲಿಯೇ ಇವೆ.

ಬೆಂಗಳೂರಿನ ಉದಾಹರಣೆಯನ್ನಷ್ಟೇ ಇಟ್ಟುಕೊಂಡರೆ ಚಿತ್ರಸಮಾಜವೆಂಬುದು ಇಂಗ್ಲಿಷ್ ಬಲ್ಲ ನಗರವಾಸಿಗಳ ಹವ್ಯಾಸವೆಂದು ತೋರಬಹುದು. ಇತರ ರಾಜ್ಯಗಳ ಚರಿತ್ರೆಯೂ ಬಹುಮಟ್ಟಿಗೆ ಹಾಗೆಯೇ ಇದೆ. ಆ ಗ್ರಹಿಕೆಯನ್ನು ಬುಡಸಮೇತ ಅಲುಗಿಸಿದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1973ರಲ್ಲಿ ತನ್ನ ಅಂಗವಾಗಿ ಚಿತ್ರಸಮಾಜವೊಂದನ್ನು ಆರಂಭಿಸಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಊರಿಗೆ ಮರಳಿ ತೋಟ, ನಾಟಕ, ಪ್ರಕಾಶನಗಳಲ್ಲಿ ತೊಡಗಿದ್ದ ನೀನಾಸಂನ ಕೆ.ವಿ. ಸುಬ್ಬಣ್ಣನವರ ಯೋಚನೆ ನೇರವಾಗಿತ್ತು: ಕಾಳಿದಾಸ, ಶೇಕ್ಸ್‌ಪಿಯರ್‌ರ ನಾಟಕಗಳನ್ನು ಕನ್ನಡದಲ್ಲಿ ನೋಡಬಲ್ಲ ಹಳ್ಳಿಯವರಿಗೆ ‘ರಾಶೊಮನ್’ ಮಾಡಿದ ಜಪಾನಿನ ಕುರೊಸಾವಾನ ಚಿತ್ರ ಏಕೆ ಎಟುಕಬಾರದು? ಪುಣೆಯಲ್ಲಿ ಚಲನಚಿತ್ರ ರಸಗ್ರಹಣವನ್ನು ಪಾಠವಾಗಿ ರೂಪಿಸಿದ ಸತೀಶ್ ಬಹಾದೂರ್ ಮತ್ತು ಸಂಗ್ರಹಾಲಯದ ಪಿ.ಕೆ. ನಾಯರ್ ಇಬ್ಬರೂ ಈ ಯೋಚನೆಗೆ ಒತ್ತಾಸೆಯಾಗಿ ನಿಂತರು. ‘ರಸಗ್ರಹಣ’ ಎಂಬ ಪದವೇ ಗಮನಿಸತಕ್ಕದ್ದು. ಚಲನಚಿತ್ರವನ್ನು ಹೇಗೆ ನೋಡಬೇಕು, ಚೌಕಟ್ಟು, ಬೆಳಕು, ಸದ್ದು, ದೃಶ್ಯಗಳ ಜೋಡಣೆ ಇವು ಅರ್ಥವನ್ನು ಹೇಗೆ ಹುಟ್ಟಿಸುತ್ತವೆ ಎಂಬ ಅಭ್ಯಾಸಕ್ಕೆ ಕನ್ನಡ ತನ್ನ ಕಾವ್ಯಮೀಮಾಂಸೆಯ ಮಾತನ್ನೇ ಕೊಟ್ಟಿತು, ನೋಡುವವನು ‘ಸಹೃದಯ’ನೆನಿಸಿದ.

1970ರ ದಶಕದಲ್ಲಿ ಹೆಗ್ಗೋಡಿನ ಜನರ ಮುಂದೆ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮನ್’ ಪ್ರದರ್ಶನಗೊಂಡವು. ಮೂರರಲ್ಲಿ ಕಠಿಣವೆಂದು ಹೆಸರಾದುದು ‘ರಾಶೊಮನ್’. ಮಳೆ ಸುರಿಯುತ್ತಿರುವ ಹೊತ್ತಿನಲ್ಲಿ ಹಾಳುಬಿದ್ದ ನಗರದ್ವಾರದ ಕೆಳಗೆ ಕುಳಿತವರು ಒಂದು ಕೊಲೆಯ ಕಥೆಯನ್ನು ನೆನೆಯುತ್ತಾರೆ. ದರೋಡೆಕೋರ, ಸತ್ತ ಸಮುರಾಯಿಯ ಹೆಂಡತಿ, ಮೈದುಂಬಿ ಬಂದವಳ ಬಾಯಿಂದ ಮಾತಾಡುವ ಸತ್ತವನ ಆತ್ಮ, ಕಟ್ಟಿಗೆ ಕಡಿಯುವವ, ಈ ನಾಲ್ವರೂ ಒಂದೇ ಘಟನೆಯನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ, ಯಾವುದು ನಿಜವೆಂದು ಚಿತ್ರ ತೀರ್ಪು ಕೊಡುವುದಿಲ್ಲ. ಇಂಥ ಚಿತ್ರ ಅಕ್ಷರ ಕಲಿಯದವರಿಗೆ ದಕ್ಕೀತೇ ಎಂದು ಶಂಕಿಸುವವರು ಮಲೆನಾಡಿನ ಕಲೆಯನ್ನು ಅರಿಯದವರು. ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬ ಒಂದು ರಾತ್ರಿ ವಾಲಿಯ ಪರವಾಗಿ ವಾದಿಸಿ, ಇನ್ನೊಂದು ರಾತ್ರಿ ಅದೇ ಪ್ರಸಂಗದಲ್ಲಿ ರಾಮನಾಗಿ ಅದೇ ವಾದವನ್ನು ಮುರಿಯುವುದನ್ನು ಬೆಳಗಿನವರೆಗೆ ಕೂತು ಕೇಳಿದ ಜನಕ್ಕೆ, ಒಂದು ಘಟನೆಗೆ ಹಲವು ಬಾಯಿಗಳಿರುತ್ತವೆಂಬುದು ಜಪಾನಿನಿಂದ ಬರಬೇಕಾದ ಹೊಸ ಸುದ್ದಿಯಲ್ಲ. ದೈವ ಮೈಮೇಲೆ ಬಂದು ನುಡಿಯುವುದಂತೂ ಅವರು ಕಂಡುಂಡ ಸಂಗತಿ. ಚಲನಚಿತ್ರದ ಭಾಷೆ ಹೊಸದಾಗಿರಬಹುದು, ಆ ಭಾಷೆಗೆ ಬೇಕಾದ ಮನಸ್ಸು ಅಲ್ಲಿ ಮೊದಲೇ ಇತ್ತು. ‘ಬೈಸಿಕಲ್ ಥೀವ್ಸ್’ನಲ್ಲಿ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕವನ ಸೈಕಲ್ಲು ಮೊದಲ ದಿನವೇ ಕಳವಾದರೆ ಅವನ ಮನೆಗೆ ಏನಾಗುತ್ತದೆಂಬುದನ್ನಂತೂ ಬಡತನ ಬಲ್ಲ ಯಾವ ಊರಿಗೂ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೆಗ್ಗೋಡಿನ ಪ್ರಯೋಗ ಅಲ್ಲಿಗೇ ನಿಲ್ಲದೆ, 1980ರ ದಶಕದ ಮೊದಲರ್ಧದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಡಿ ನಾಟಕದ ಜೊತೆಗೆ ಚಲನಚಿತ್ರಗಳನ್ನೂ ಕರ್ನಾಟಕದ ಬೇರೆ ಬೇರೆ ಊರುಗಳಿಗೆ ಒಯ್ಯಲಾಯಿತು. ಚಲನಚಿತ್ರ ರಸಗ್ರಹಣ ಶಿಬಿರವಾಗಿ ಮೊದಲಾದುದು ಮುಂದೆ ಸಾಹಿತ್ಯ, ರಂಗಭೂಮಿ, ಸಂಗೀತಗಳನ್ನೂ ಒಳಗೊಂಡು ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಿತ್ರವಿಮರ್ಶಕ ಟಿ.ಜಿ. ವೈದ್ಯನಾಥನ್‌ರಂಥವರು ಅಲ್ಲಿ ಪಾಠ ಹೇಳಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಪಿ.ಕೆ. ನಾಯರ್ ಅವರ ಬದುಕನ್ನು ಕುರಿತು ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿಗೂ ಜಾಗ ದೊರೆತಿರುವುದು, ಪುಣೆಯ ಡಬ್ಬಗಳು ಮಲೆನಾಡಿನ ಹಳ್ಳಿಗೆ ಬಂದಿಳಿದ ಆ ನಂಟಿಗೆ ಸಂದ ಗೌರವ.

ಚಿತ್ರಸಮಾಜಗಳ ಇಳಿಗಾಲಕ್ಕೆ ಕಾರಣಗಳನ್ನು ಹುಡುಕಿ ಅಲೆಯಬೇಕಾಗಿಲ್ಲ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿ ದೇಶದ ತುಂಬ ಹಬ್ಬತೊಡಗಿತು, ವಿಡಿಯೊ ಕ್ಯಾಸೆಟ್ ಮನೆಮನೆಗೆ ಬಂತು, 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು, ಮುಂದೆ ಡಿವಿಡಿ ತಟ್ಟೆಗಳು ಅಪರೂಪದ ಚಿತ್ರವನ್ನು ಕೈಗೆಟುಕಿಸಿದವು. 16 ಮಿಲಿಮೀಟರ್ ಪ್ರತಿಗಳು ಗೀರುಬಿದ್ದು ಸವೆದವು, ಪ್ರೊಜೆಕ್ಟರಿನ ಬಿಡಿಭಾಗ ಸಿಗದಾಯಿತು. ಚಿತ್ರವನ್ನು ದೊರಕಿಸಿಕೊಡುವುದೊಂದೇ ತನ್ನ ಕೆಲಸವೆಂದುಕೊಂಡಿದ್ದ ಸಂಘಗಳು ಈ ಹೊಡೆತಕ್ಕೆ ಮುಚ್ಚಿಹೋದವು. ನೋಡಿದ ಮೇಲಿನ ಮಾತಿಗೆ ಬೆಲೆ ಕೊಟ್ಟವು ಉಳಿದುಕೊಂಡವು. ಈ ವ್ಯತ್ಯಾಸ ಆಕಸ್ಮಿಕವೆನಿಸುವುದಿಲ್ಲ. ಅಂಗೈಯ ಪರದೆಯಲ್ಲಿ ಸಾವಿರ ಚಿತ್ರಗಳಿರುವ ಈಗಿನ ಕಾಲದಲ್ಲಿ ಚಿತ್ರದ ಕೊರತೆ ಯಾರಿಗೂ ಇಲ್ಲ. ಒಂದೇ ಚಿತ್ರವನ್ನು ಒಂದೇ ಹೊತ್ತಿನಲ್ಲಿ ನೋಡಿ ಬಂದ ಇನ್ನೊಬ್ಬರು ಬಾಗಿಲಾಚೆ ನಿಂತು, ‘ಕೊನೆಯ ದೃಶ್ಯದಲ್ಲಿ ಆ ಹುಡುಗ ಅಪ್ಪನ ಕೈ ಹಿಡಿದದ್ದೇಕೆ?’ ಎಂದು ಕೇಳುವ ಸಂದರ್ಭದ ಕೊರತೆ ಮಾತ್ರ ಇದೆ.

ಈ ಚರಿತ್ರೆಯ ಮೂಲ ಸಾಮಗ್ರಿ ಸೈಕ್ಲೋಸ್ಟೈಲ್ ಮಾಡಿದ ಟಿಪ್ಪಣಿಗಳು, ಸದಸ್ಯತ್ವದ ಚೀಟಿಗಳು, ಕಾರ್ಯಕ್ರಮ ಪಟ್ಟಿಗಳು, ಸಭೆಯ ನಡಾವಳಿ ಪುಸ್ತಕಗಳು ಮತ್ತು ಪಾರ್ಸೆಲ್ ರಸೀದಿಗಳ ರೂಪದಲ್ಲಿದೆ. ಅಗ್ಗದ ಕಾಗದದ ಮೇಲೆ ಅಚ್ಚಾದ ಇವು ಗೆದ್ದಲಿಗೂ ಮಲೆನಾಡಿನ ತೇವಕ್ಕೂ ಬೇಗ ತುತ್ತಾಗುವಂಥವು. ಇವುಗಳನ್ನು ಬರೆದು ಹಂಚಿದ ತಲೆಮಾರಿಗೂ ಈಗ ವಯಸ್ಸಾಗಿದೆ. ತಮ್ಮ ಊರಿನ ಚಿತ್ರಸಮಾಜದ ಹಳೆಯ ಕಾಗದಗಳು ಯಾರ ಟ್ರಂಕಿನಲ್ಲಾದರೂ ಇದ್ದರೆ, ಅವರು ಅವನ್ನು ರದ್ದಿಗೆ ಹಾಕದೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಇನ್ನೂ ನಡೆಯುತ್ತಿರುವ ಚಿತ್ರಸಮಾಜಕ್ಕೋ ಒಪ್ಪಿಸಬೇಕು, ಪ್ರತಿ ಹಾಳೆಯ ಮೇಲೆ ಊರಿನ ಹೆಸರನ್ನೂ ನೆನಪಿರುವಷ್ಟು ಮಟ್ಟಿಗೆ ಇಸವಿಯನ್ನೂ ಪೆನ್ಸಿಲಿನಲ್ಲಿ ಬರೆದಿಡಬೇಕು.